ಮಿರ್ಜಾ ಮುಂದೋ, ಹಿಂದೋ?

2023ರ ಮಾರ್ಚ್. ಹಿಮ ಬಿದ್ದದ್ದೇ ಗೊತ್ತಾಗದಂತೆ ಚಳಿಗಾಲ ಕಳೆದುಹೋಗಿತ್ತು. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಮರಗಳಿನ್ನೂ ಬೋಳು. ಕೆಳಗಿನ ಮನೆಯ ಕಿಟಕಿಯೊಳಗೆ ಮಾತ್ರ ವಸಂತ ಬಂದು ಕೂತಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಗೋಧಿ ಸಸಿ, ಸೇಬು, ಬೆಳ್ಳುಳ್ಳಿ, ಬಟ್ಟಲಲ್ಲಿ ನಾಣ್ಯ, ಪಕ್ಕಕ್ಕೊಂದು ಕನ್ನಡಿ. ಇರಾನಿನವರ ಹೊಸ ವರ್ಷ, ನೌರೋಜ್. ಅದು ಇಪ್ಪತ್ತಕ್ಕೆ ಬಂದಿತ್ತು, ನಮ್ಮ ಯುಗಾದಿ ಇಪ್ಪತ್ತೆರಡಕ್ಕೆ.

ವಿಜಯಪುರದಿಂದ ಬಂದಿದ್ದ ಅವ್ವ ಆ ಸಸಿಯನ್ನು ದಿನಾ ನೋಡಿಕೊಂಡೇ ವಾಕಿಂಗ್ ಹೋಗುತ್ತಿದ್ದಳು. "ತಮ್ಮಾ, ನಾವು ನವರಾತ್ರ್ಯಾಗ ಘಟ್ಟ ಹಾಕ್ತೀವಲ್ಲ, ಅಕಿನೂ ಹಂಗ ಹಾಕ್ಯಾಳ ನೋಡು" ಅಂದಳು. ಯುಗಾದಿಯ ಸಂಜೆ ಬೇವು ಕಲಸಿದ ಮೇಲೆ, ಸ್ಟೀಲ್ ಲೋಟ ತುಂಬಿಸಿಕೊಂಡು ತಾನೇ ಕೆಳಗಿಳಿದು ಹೋಗಿ ಆ ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಬಂದಳು. ಇರಾನಿನಲ್ಲಿ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ 'ಖಾನುಮ್' ಅನ್ನುತ್ತಾರೆ. ಅವ್ವನ ಬಾಯಲ್ಲಿ ಅದು ಮೊದಲ ದಿನವೇ 'ಖಾನಮ್ಮ' ಆಗಿತ್ತು. ಖಾನುಮ್ ನನ್ನನ್ನು ಕರೆಯುವುದು 'ಆಗಾ' ಎಂದು, ಅಂದರೆ ಯಜಮಾನರೇ ಎಂದು. ಅಡ್ಡಹೆಸರು ಸೇರಿಸುವಾಗ ಅವರ ಉಚ್ಚಾರ ನಮಗಿಂತ ಸ್ಪಷ್ಟ: "ಆಗಾ-ಯೆ ಜಾಗೀರ್‌ದಾರ್." ನಮ್ಮ ಊರಲ್ಲಿ ಉಜ್ಜಿ ಉಜ್ಜಿ ನುಣುಪಾದ 'ಜಹಗೀರದಾರ' ಅವರ ಬಾಯಲ್ಲಿ ಮತ್ತೆ ಎರಡು ತುಂಡಾಗಿ, ಹೊಸದಾಗಿ ಕೇಳಿಸುತ್ತದೆ. ಜಾ ಅಂದರೆ ಜಾಗ, ಗೀರ್ ಅಂದರೆ ಹಿಡಿದದ್ದು.

ಊಟದ ಮೇಜಿನ ಮೇಲೆ ಅವತ್ತು ನನ್ನ ಪೌರತ್ವದ ಅರ್ಜಿ ಹರಡಿಕೊಂಡಿತ್ತು. ಎನ್-400 ಎಂಬ ಆ ನಮೂನೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ನಿಮಗೆ ಬೇರೆ ದೇಶದಲ್ಲಿ ವಂಶಪಾರಂಪರ್ಯವಾಗಿ ಬಂದ ಬಿರುದು ಇದೆಯೇ? ಇದ್ದರೆ ಬಿಟ್ಟುಕೊಡಲು ಸಿದ್ಧರಿದ್ದೀರಾ? ಅಮೆರಿಕದ ಸಂವಿಧಾನದ ಮೊದಲ ವಿಧಿಯಲ್ಲೇ ಇದರ ಬೇರಿದೆ. ಈ ದೇಶ ಯಾರಿಗೂ ಕುಲೀನತೆಯ ಬಿರುದು ಕೊಡತಕ್ಕದ್ದಲ್ಲ ಎಂದು 1787ರಲ್ಲೇ ಬರೆದಿಟ್ಟರು. ಹೊರಗಿನಿಂದ ಬಿರುದು ಹೊತ್ತು ಬಂದವರು ಪ್ರಮಾಣವಚನದ ಹೊತ್ತಿಗೆ ಅದನ್ನು ಇಳಿಸಿಯೇ ಒಳಗೆ ಬರಬೇಕು. ನಾನು ಪ್ರಶ್ನೆಯನ್ನು ಕನ್ನಡಕ್ಕೆ ಮಾಡಿ ಓದಿದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಜಹಗೀರದಾರ ಅನ್ನೂದು ಬಿರುದಲ್ಲೇನು ಮತ್ತ?" ಅಂದಳು. ಖಾನುಮ್‌ಗೆ ನಾನು ಅದನ್ನು ಹೇಳಿದಾಗ ಅವರು ನಕ್ಕು, ತಾವೂ ವರ್ಷಗಳ ಹಿಂದೆ ಇದೇ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂತಿದ್ದಾಗಿ ಹೇಳಿ, ಕೆಳಗೆ ಹೋಗಿ ಒಂದು ಮಖಮಲ್ಲಿನ ಚೀಲ ತಂದರು.

ಒಳಗಿದ್ದದ್ದು ಹೆಬ್ಬೆಟ್ಟಿನ ಉಗುರಿನಷ್ಟು ಅಗಲದ ಕೆಂಪು ಅಕೀಕ್ ಕಲ್ಲಿನ ಮುದ್ರೆ. ಹಿಡಿಯಲು ಬೆಳ್ಳಿಯ ಗುಬಟು, ಅದೂ ಸವೆದಿದೆ. ಕಲ್ಲಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಅಕ್ಷರಗಳು ಒಂದರ ಬೆನ್ನ ಮೇಲೊಂದು ಏರಿ ಕೂತಿವೆ, ಎಲ್ಲವೂ ತಿರುಗುಮುರುಗು. ಅವ್ವನಿಗೆ ಒತ್ತಿ ನೋಡುವ ಆಸೆ. ಶಾಯಿ ಎಲ್ಲಿಂದ ತರುವುದು? ಹೊಸ್ತಿಲಿಗೆ ಹಚ್ಚಿ ಉಳಿದಿದ್ದ ಕುಂಕುಮದ ಬಟ್ಟಲನ್ನೇ ಮುಂದಿಟ್ಟಳು. ಖಾನುಮ್ ಸ್ವಲ್ಪ ಹೊತ್ತು ಆ ಕೆಂಪನ್ನು ನೋಡಿದರು. ಆಮೇಲೆ ಕಲ್ಲನ್ನು ಅದರಲ್ಲಿ ಮೆಲ್ಲನೆ ಅದ್ದಿ, ಅರ್ಜಿಯ ಕರಡು ಪ್ರತಿಯ ಬೆನ್ನಿಗೆ ಒತ್ತಿದರು. ಅಕ್ಷರಗಳು ನೆಟ್ಟಗೆ ಎದ್ದು ನಿಂತವು. ಅವರ ಮುತ್ತಜ್ಜನಿಗೆ ಆಗ ಇರಾನನ್ನು ಆಳುತ್ತಿದ್ದ ಕಜಾರ್ ದೊರೆಗಳು ಕೊಟ್ಟ ಬಿರುದು. ಕೊನೆಯ ಪದ 'ಮುಲ್ಕ್'. ಮೊದಲ ಪದ ಆ ಮನೆತನಕ್ಕೇ ಇರಲಿ.

ಮುಲ್ಕ್ ಅಂದ ಕೂಡಲೇ ಅವ್ವನ ಕಿವಿ ನಿಮಿರಿತು. "ನಮ್ಮಪ್ಪ ಮುಲ್ಕಿ ಪರೀಕ್ಷಾ ಪಾಸಾಗೇ ಮಾಸ್ತರ ಆಗಿದ್ದು!" ಅವಳು ಹೇಳಿದ್ದು ಸರಿ. ಮುಲ್ಕ್ ಅಂದರೆ ನಾಡು. ಹಳೆಯ ಮುಂಬಯಿ ಕರ್ನಾಟಕದ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ನಾಡಿನ ಪರೀಕ್ಷೆ. ಆ ಸಂಜೆ ಹೀಗೆ ಒಂದೊಂದೇ ಪದ ಮೇಜಿನ ಮೇಲೆ ಬಿತ್ತು, ನಾವು ಮೂವರೂ ಅದನ್ನು ಎತ್ತಿ ತಿರುಗಿಸಿ ನೋಡಿದೆವು. ಕಜಾರ್ ಕಾಲದ ಬಿರುದುಗಳು ಬಹುಪಾಲು ಮೂರು ಪದಗಳಲ್ಲಿ ಮುಗಿಯುತ್ತವೆ: ಮುಲ್ಕ್, ದೌಲೆ, ಸಲ್ತನೆ. ದೌಲೆ ಅಂದರೆ ರಾಜ್ಯ, ಪ್ರಭುತ್ವ. ಅದು ನಮ್ಮಲ್ಲಿ ದೌಲತ್ತು. ಆದರೆ 'ಅವನ ದೌಲತ್ತು ನೋಡು' ಅಂದಾಗ ನಾವು ಹೇಳುತ್ತಿರುವುದು ರಾಜ್ಯದ ಮಾತಲ್ಲ, ಸೊಕ್ಕಿನ ಮಾತು. ಅಧಿಕಾರ ಕಂಡ ಹಳ್ಳಿಯ ಜನ ಪದದ ಅರ್ಥವನ್ನೇ ಅನುಭವದಿಂದ ತಿದ್ದಿಬಿಟ್ಟಿದ್ದಾರೆ.

'ಕಾಯಂ ಮಕಾಮ್' ಎಂಬುದೊಂದು ದೊಡ್ಡ ಬಿರುದು. ಕನ್ನಡದವರಿಗೆ ಅದನ್ನು ಬಿಡಿಸಲು ನಿಘಂಟು ಬೇಡ. ಖಾಯಂ ಮತ್ತು ಮುಕ್ಕಾಂ. ಒಬ್ಬರ ಜಾಗದಲ್ಲಿ ನಿಂತವನು, ಪ್ರತಿನಿಧಿ. ಮೊಹಮ್ಮದ್ ಷಾನ ಮಂತ್ರಿ ಕಾಯಂ ಮಕಾಮ್ ಫರಾಹಾನಿಗೆ ಈ ಬಿರುದಿತ್ತು. 1835ರಲ್ಲಿ ಅದೇ ಷಾ ಆತನನ್ನು ಕೊಲ್ಲಿಸಿದ. ಆತನ ಮನೆಯ ಅಡುಗೆಯವನ ಮಗನೇ ಮಿರ್ಜಾ ತಕಿ ಖಾನ್. ಯಜಮಾನರ ಮಕ್ಕಳ ಜೊತೆ ಅಕ್ಷರ ಕಲಿತ ಆ ಹುಡುಗ 1848ರಲ್ಲಿ ಇರಾನಿನ ಪ್ರಧಾನಿಯಾಗಿ 'ಅಮೀರ್ ಕಬೀರ್' ಎಂಬ ಬಿರುದಿನಿಂದ ಹೆಸರಾದ. ಟೆಹರಾನಿನಲ್ಲಿ ದಾರುಲ್ ಫುನೂನ್ ಎಂಬ ಆಧುನಿಕ ವಿದ್ಯಾಲಯ ಕಟ್ಟಿಸಿದ, ದರ್ಬಾರಿನ ದುಂದಿಗೆ ಕತ್ತರಿ ಹಾಕಿದ. 1852ರ ಜನವರಿಯಲ್ಲಿ ಕಾಶಾನಿನ ಫಿನ್ ತೋಟದ ಸ್ನಾನಗೃಹದಲ್ಲಿ ಅವನನ್ನೂ ಕೊಲ್ಲಿಸಿದರು. ಖಾನುಮ್ ಈ ಕತೆ ಹೇಳುವಾಗ ನೂರೆಪ್ಪತ್ತು ವರ್ಷ ಹಿಂದಿನ ಸಾವಿಗೆ ನಿಜವಾಗಿ ಕಣ್ಣು ತುಂಬಿಕೊಂಡರು. ಇಷ್ಟೊಂದು ಬಿರುದುಗಳ ನಡುವೆ ಇರಾನಿನ ಜನ ಇಂದಿಗೂ ಎದೆಯಲ್ಲಿಟ್ಟುಕೊಂಡಿರುವುದು ಅಡುಗೆಯವನ ಮಗನ ಬಿರುದನ್ನು.

ಆಮೇಲೆ ಬಂದದ್ದು ಮಿರ್ಜಾ. ಅಮೀರ್‌ಜಾದಾ, ಅಂದರೆ ಅಮೀರನ ಮಗ ಎಂಬುದು ಸವೆದು ಆದ ಪದ. ಅದು ಹೆಸರಿನ ಎಲ್ಲಿ ಕೂತಿದೆ ಎಂಬುದರ ಮೇಲೆ ಮನುಷ್ಯನ ಅಂತಸ್ತು ನಿಂತಿತ್ತು. ಹೆಸರಿನ ಹಿಂದೆ ಬಂದರೆ ರಾಜಕುಮಾರ. ಫತ್ ಅಲಿ ಷಾನ ಮಗ, ಯುವರಾಜ ಅಬ್ಬಾಸ್ ಮಿರ್ಜಾ ಇದ್ದ ಹಾಗೆ. ಹೆಸರಿನ ಮುಂದೆ ಬಂದರೆ ಓದುಬರಹ ಬಲ್ಲವನು, ಲೇಖನಿ ಹಿಡಿದು ದುಡಿಯುವವನು. ಇದು ಗೊತ್ತಾದಾಗ ನನ್ನ ತಲೆಯಲ್ಲಿ ತಟ್ಟನೆ ಹೊಳೆದ ಹೆಸರು ಇರಾನಿನದ್ದಲ್ಲ, ಬೆಂಗಳೂರಿನದು.

ಅಮೀನ್-ಉಲ್-ಮುಲ್ಕ್ ಸರ್ ಮಿರ್ಜಾ ಇಸ್ಮಾಯಿಲ್. ಒಂದು ಹೆಸರಿನ ಮುಂದೆ ಮೂರು ಮರ್ಯಾದೆಗಳು. ಸರ್ ಎಂಬುದು ಬ್ರಿಟಿಷರು ಕೊಟ್ಟದ್ದು. ಮಿರ್ಜಾ ಹಿರಿಯರಿಂದ ಬಂದದ್ದು, ಅದು ಮುಂದೆಯೇ ಇದೆ. ಅಮೀನ್-ಉಲ್-ಮುಲ್ಕ್, ನಾಡಿನ ನಂಬುಗೆಯವನು, ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು. ಅದೇ ಒಡೆಯರು 1938ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ 'ರಾಜಸೇವಾಸಕ್ತ' ಎಂದು ಸಂಸ್ಕೃತದಲ್ಲಿ ಬಿರುದು ಕೊಟ್ಟರು, ಮಿರ್ಜಾರಿಗೆ ಪಾರಸಿ ದರ್ಬಾರಿನ ನುಡಿಯಲ್ಲಿ ಕೊಟ್ಟರು. ಆಯಾ ಮನೆಯ ಭಾಷೆಯಲ್ಲಿ ಗೌರವಿಸುವ ಈ ಸೂಕ್ಷ್ಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಿರ್ಜಾರ ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಬೆಂಗಳೂರಿನಲ್ಲಿ ನೆಲೆ ನಿಂತವರು. ಮೊಮ್ಮಗ ಮಹಾರಾಜರ ಜೊತೆ ಓದಿದವರು, ಅವರ ಖಾಸಗಿ ಕಾರ್ಯದರ್ಶಿಯಾದವರು, 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಕೃಷ್ಣರಾಜಸಾಗರದ ಅಡಿಯಲ್ಲಿ ಬೃಂದಾವನ ಮೈದಳೆದದ್ದು ಅವರ ಕಾಲದಲ್ಲಿ. ಇಲ್ಲಿ ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದ ಹೆಸರೂ ಬೃಂದಾವನವೇ.

ಅಮೀನ ಎಂಬ ಪದ ನಮಗೆ ಕೋರ್ಟಿನಿಂದಲೂ ಗೊತ್ತು. ನೋಟಿಸು ಜಾರಿ ಮಾಡಲು, ಜಪ್ತಿ ಮಾಡಲು ಬರುವ ಅಮೀನ. ಹೆದರಿಕೆ ಹುಟ್ಟಿಸುವ ಆ ಹುದ್ದೆಯ ಹೆಸರಿಗೂ ಮೂಲ ಅರ್ಥ ನಂಬಿಕಸ್ಥ ಎಂದೇ.

ಶಿರಾಜ್ ಎಂದಾಗ ಖಾನುಮ್ ಎದೆಯ ಮೇಲೆ ಕೈ ಇಟ್ಟುಕೊಂಡರು. ಅದು ಅವರ ತವರು. ನಾನು ಅವರಿಗೆ 2015ರ ಚಳಿಗಾಲದ ಶುರುವಿನ ಒಂದು ಮಧ್ಯಾಹ್ನವನ್ನು ಹೇಳಿದೆ. ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆಯ ದಾರಿ ಪ್ರಿನ್ಸ್‌ಟನ್. ಅಲ್ಲಿನ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಆಗ ಪೆಕ್ ಶಾಹನಾಮೆಯ ಹಾಳೆಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಫಿರ್ದೌಸಿಯ ರಾಜರ ಕಾವ್ಯವನ್ನು 1589-90ರ ಸುಮಾರಿಗೆ ಶಿರಾಜ್‌ನಲ್ಲಿ ನಕಲು ಮಾಡಿ ಚಿತ್ರ ಬರೆದ ಪ್ರತಿ ಅದು. ಗಾಜಿನ ಕೆಳಗೆ ನೀಲಿ, ಬಂಗಾರ; ಸಿಂಹಾಸನದ ಮೇಲೆ ಷಾ, ಸುತ್ತ ಅಂತಸ್ತಿಗೆ ತಕ್ಕಂತೆ ನಿಂತವರು, ಕೂತವರು. ಬಿರುದು ಓದಲು ಬಾರದವನಿಗೂ ಯಾರು ಯಾರಿಗಿಂತ ದೊಡ್ಡವರು ಎಂಬುದು ನಿಂತ ಜಾಗದಿಂದಲೇ ತಿಳಿಯುತ್ತಿತ್ತು. ಆ ಪ್ರತಿ ಸಿದ್ಧವಾದ ಹೊತ್ತಿಗೆ ನಮ್ಮ ವಿಜಯಪುರದಲ್ಲಿ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲ್ ಷಾ. ಪಾರಸಿ 'ಷಾ' ಜೊತೆಗೆ ಅವನನ್ನು ಜನ 'ಜಗದ್ಗುರು' ಎಂದೂ ಕರೆದರು.

ಬಿರುದಿನ ತುತ್ತತುದಿಯಲ್ಲಿ ಶಹನ್‌ಶಾಹ, ರಾಜರ ರಾಜ. ಎರಡೂವರೆ ಸಾವಿರ ವರ್ಷಗಳ ಹಿಂದೆ ಬಿಸುತೂನಿನ ಬಂಡೆಯ ಮೇಲೆ ಡೇರಿಯಸ್ ತನ್ನನ್ನು ಹಾಗೆಂದು ಕೊರೆಸಿಕೊಂಡ. ಕೊನೆಯ ಷಾ ಮೊಹಮ್ಮದ್ ರೆಜಾಗೆ 1965ರಲ್ಲಿ ಸಂಸತ್ತು 'ಆರ್ಯಮೆಹ್ರ್', ಆರ್ಯರ ಬೆಳಕು, ಎಂಬ ಇನ್ನೊಂದನ್ನು ಸೇರಿಸಿತು. 1967ರ ಪಟ್ಟಾಭಿಷೇಕದಲ್ಲಿ ರಾಣಿ ಫರಾ 'ಶಹಬಾನು'ವಾಗಿ ಕಿರೀಟ ಇಟ್ಟುಕೊಂಡಳು. 1979ರ ಜನವರಿ 16ರಂದು ಇಬ್ಬರೂ ವಿಮಾನ ಹತ್ತಿ ಹೊರಟುಹೋದರು. ಪಟ್ಟಾಭಿಷೇಕದ ಮೆರವಣಿಗೆಯನ್ನು ಹುಡುಗಿಯಾಗಿ ಕಂಡ ಖಾನುಮ್ ಇದನ್ನು ಎರಡೇ ಮಾತಲ್ಲಿ ಮುಗಿಸಿ ಚಹಾ ಕುಡಿದರು. ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಹಿಡಿದು ಅದರ ಮೇಲೆ ಚಹಾ ಹರಿಸುವ ಅವರ ರೀತಿಯನ್ನು ಅವ್ವ ಕಲಿಯಲು ಪ್ರಯತ್ನಿಸುತ್ತಿದ್ದಳು.

ಅವರಿಗೆ ಹೇಳಬೇಕಾಗಿದ್ದದ್ದು 1925ರ ಕತೆ. ಆ ವರ್ಷ ಇರಾನಿನ ಮಜ್ಲಿಸ್ ಕಾನೂನು ಮಾಡಿ ಹಳೆಯ ಬಿರುದುಗಳನ್ನೆಲ್ಲ ತೆಗೆದುಹಾಕಿತು. ಅದಕ್ಕೆ ಕಾರಣವೂ ಇತ್ತು. ನಾಸಿರುದ್ದೀನ್ ಷಾನ ಕಾಲದಿಂದೀಚೆಗೆ ಕಾಣಿಕೆ ಒಪ್ಪಿಸಿದವರಿಗೆಲ್ಲ ಬಿರುದು ಸಿಕ್ಕುತ್ತಾ ಬಂದು, ಹೆಸರೇ ಮರೆತು ಬಿರುದೇ ಹೆಸರಾಗಿ, ಒಂದೇ ಬಿರುದು ಒಬ್ಬರಾದ ಮೇಲೆ ಒಬ್ಬರಿಗೆ ದಾಟಿ ಗೊಂದಲವಾಗಿತ್ತು. ಈಗ ಎಲ್ಲರೂ ಅಡ್ಡಹೆಸರು ಬರೆಸಿಕೊಳ್ಳಬೇಕಾಯಿತು. ಸರ್ದಾರ್ ಸಿಪಾಹ್ ಎನಿಸಿಕೊಂಡಿದ್ದ ರೆಜಾ ಖಾನ್ ಪಹ್ಲವಿ ಎಂಬ ಅಡ್ಡಹೆಸರು ಹಿಡಿದ. ಚಿಕ್ಕಂದಿನಲ್ಲೇ ಮುಸದ್ದಿಕ್-ಉಸ್-ಸಲ್ತನೆ ಎಂಬ ಬಿರುದು ಪಡೆದಿದ್ದವರು ಸಲ್ತನೆಯನ್ನು ಕಳಚಿ ಮೊಹಮ್ಮದ್ ಮುಸದ್ದಿಕ್ ಆದರು. 1951ರಲ್ಲಿ ಪ್ರಧಾನಿಯಾಗಿ ತೈಲವನ್ನು ರಾಷ್ಟ್ರೀಕರಣ ಮಾಡಿದ್ದು ಆ ಹೆಸರೇ. ಖಾನುಮ್ ಮುತ್ತಜ್ಜನ ಮುದ್ರೆಯೂ 1925ರಲ್ಲೇ ಚೀಲ ಸೇರಿತು, ಅದರ ಮೊದಲ ಪದ ಮಕ್ಕಳ ಅಡ್ಡಹೆಸರಾಯಿತು.

"ನಮ್ಮದೂ ಹಂಗ ಆತು" ಅಂದಳು ಅವ್ವ. "ಹೊಲ ಕಾನೂನಿನ್ಯಾಗ ಹೋತು, ಹೆಸರ ಉಳೀತು." ಉಳುವವನೇ ಹೊಲದೊಡೆಯ ಎಂಬ 1974ರ ಕಾನೂನನ್ನು ಅವಳು ಹೇಳುತ್ತಿದ್ದದ್ದು. ಹೋಗಬೇಕಾದವರಿಗೇ ಹೋಯಿತು ಎಂದು ನಾನು ಬಲವಾಗಿ ನಂಬಿದ್ದೇನೆ, ಅವಳೂ ನಂಬುತ್ತಾಳೆ. ಆ ಹೊಲದಲ್ಲಿ ಬೆವರು ಸುರಿಸಿದವರು ನಾವಲ್ಲ. ಆದರೆ ಹೆಸರು ಬೇರೆಯ ಸಂಗತಿ. ಇನಾಮದಾರ, ಕಿಲ್ಲೇದಾರ, ಪೋತದಾರ, ಹವಾಲ್ದಾರ. 'ದಾರ' ಅಂದರೆ ಹೊತ್ತವನು, ಹೊಣೆ ಹಿಡಿದವನು. ಚಿಟ್ನೀಸ, ಫಡನೀಸ, ಖಾಸನೀಸ. 'ನೀಸ' ಅಂದರೆ ನವೀಸ್, ಬರೆಯುವವನು. ಖಾಸನೀಸ ಎಂದರೆ ಖಾಸಗಿ ಕಾರ್ಯದರ್ಶಿ, ಮಿರ್ಜಾ ಇಸ್ಮಾಯಿಲರು ನಾಲ್ವಡಿಯವರ ಬಳಿ ಮಾಡುತ್ತಿದ್ದ ಕೆಲಸವೇ. ಇವು ದೊರೆತನದ ಹೆಸರುಗಳಲ್ಲ, ಕೆಲಸದ ಹೆಸರುಗಳು. ಹೆಸರುಗಳ ಹಾಗೆ ಬಿರುದುಗಳೂ ಗಡಿ ದಾಟಿವೆ. ಬೀದರಿನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ ಇರಾನಿನ ಗೀಲಾನಿನಿಂದ ಬಂದವನು. ಬಹಮನಿಗಳು ಅವನಿಗೆ ಕೊಟ್ಟ ಬಿರುದು ಮಲಿಕ್-ಉತ್-ತುಜ್ಜಾರ್, ವ್ಯಾಪಾರಿಗಳ ಒಡೆಯ. ವಿಜಯನಗರದ ಅರಸರು ಶಾಸನಗಳಲ್ಲಿ ಸುಲ್ತಾನ ಪದವನ್ನು 'ಸುರತ್ರಾಣ' ಮಾಡಿಕೊಂಡು ತಮ್ಮ ಬಿರುದಿನ ಸಾಲಿನಲ್ಲಿ ಇಟ್ಟರು. ಮತ್ತೆ ಧರ್ಮಸ್ಥಳ ನೋಡಿ. ಜೈನ ಮನೆತನದ ಹೆಗ್ಗಡೆಯವರು, ಮಂಜುನಾಥನ ಗುಡಿ, ವೈಷ್ಣವ ಅರ್ಚಕರು; ಭಕ್ತರು ಹೆಗ್ಗಡೆಯವರನ್ನು ಕರೆಯುವುದು 'ಖಾವಂದರು' ಎಂದು. ಒಡೆಯ ಎಂಬರ್ಥದ ಪಾರಸಿ ಪದ. ಖಾನುಮ್‌ಗೆ ಇದನ್ನು ಹೇಳಿದಾಗ ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡು, ತುಟಿಯಲ್ಲೇ 'ಖಾವಂದ್' ಅಂದುಕೊಂಡರು.

ಒಂಬತ್ತಕ್ಕೆ ಅವರು ಎದ್ದರು. ಅವ್ವ ಬಾಗಿಲಲ್ಲಿ ಅವರ ಹಣೆಗೆ ಕುಂಕುಮ ಹಚ್ಚಿದಳು. ಮುದ್ರೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು, ಹಾಳೆಯ ಮೇಲಿನ ಒತ್ತನ್ನು ನನಗೆ ಬಿಟ್ಟು ಹೋದರು. ನಾನು ಆ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಗುರುತು ಹಾಕಿದೆ. ಜಹಗೀರದಾರ ನನ್ನ ಬಿರುದಲ್ಲ, ನನ್ನ ಅಡ್ಡಹೆಸರು.

ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಡ್ಡಹೆಸರಿನ ಕೊನೆಗೆ ದಾರ ಇದ್ದರೆ, ನೀಸ ಇದ್ದರೆ, ಯಾವ ಕಾಲದಲ್ಲಿ ಯಾರು ಯಾವ ಕೆಲಸಕ್ಕಾಗಿ ಕೊಟ್ಟದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಮನೆಯದನ್ನು ಅವ್ವ ಅದೇ ರಾತ್ರಿ ಹೇಳಿದಳು, ನಾನು ಬರೆದುಕೊಂಡೆ. ನಾಲ್ಕು ಪುಟ ಆಯಿತು.