ಬೇಸಿಗೆಯ ಮನೆಗೆ ತಂಪಿನ ಯಂತ್ರ ಯಾವದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಗೃಹಸ್ಥರ ಮನೆಗಳಲ್ಲಿ ಹೋಳಿಹುಣ್ಣಿವೆ ಮುಗಿದೊಡನೆ ಒಂದೇ ಪ್ರಶ್ನೆ ಏಳುವದು: ಈ ಸಾರೆ ಕೂಲರ್ ತರುವದೋ, ಎಸಿ ಕೂಡಿಸುವದೋ? ಹೆಚ್ಚು ಬೆಲೆಯದೇ ಹೆಚ್ಚು ಒಳ್ಳೆಯದೆಂದು ಬಗೆದು ಸಾಲ ಮಾಡಿಯಾದರೂ ಎಸಿಯನ್ನೇ ತರುವವರುಂಟು. ಗಾಳಿಯ ಗುಣವನ್ನು ನೋಡದೆ ಇಂಥ ಯಂತ್ರವನ್ನು ಕೊಳ್ಳುವದು, ಹೊಲದ ಗುಣವನ್ನು ನೋಡದೆ ಬೀಜವನ್ನು ಕೊಂಡಂತೆಯೇ ಸರಿ.

ನಮ್ಮ ಸೀಮೆಯ ಗಾಳಿ ಎಂತಹದೆಂಬದನ್ನು ಅಡಿಗೆಮನೆಯ ಮೂಲೆಯಲ್ಲಿ ಉಸುಕಿನ ಮೇಲೆ ಕುಳಿತ ಮಣ್ಣಿನ ಹರವಿಯೇ ಬಲ್ಲದು. ಹೊರಗೆ ಕೆಂಡ ಸುರಿದಂತೆ ಬಿಸಿಲಿರುವ ಚೈತ್ರ ವೈಶಾಖಗಳಲ್ಲಿ ಅದರ ನೀರು ಸೊಗಸಾದ ತಂಪು. ಗಾಳಿಯೇ ಹಸಿಯಾಗಿರುವ ಮಳೆಗಾಲದಲ್ಲಿ ಹರವಿಗೆ ಆ ಹೆಚ್ಚುಗಾರಿಕೆ ಇಲ್ಲ. ಮಣ್ಣಿನ ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಹರವಿಯಿಂದಲೇ ಎಳೆದುಕೊಳ್ಳುವದು. ಗಾಳಿ ಒಣಗಿದಷ್ಟೂ ಆವಿ ಹೆಚ್ಚು, ಆವಿ ಹೆಚ್ಚಿದಷ್ಟೂ ತಂಪು ಹೆಚ್ಚು. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು ೨,೪೦೦ ಕಿಲೋಜೂಲ್ ಶಾಖ ಬೇಕು. ಅದೇ ನೀರನ್ನು ೩೦ ಅಂಶದಿಂದ ಕುದಿಯುವವರೆಗೆ ಕಾಯಿಸಲು ಇದರ ಎಂಟನೆಯ ಒಂದು ಪಾಲು ಸಾಕು.

ಕೂಲರ್ ಎಂಬದು ಪಂಖೆ ಕೂಡಿಸಿದ ಹರವಿಯೇ ಹೊರತು ಬೇರೆಯಲ್ಲ. ಹೊರಗಿನ ಗಾಳಿ ೪೦ ಅಂಶ ಕಾದಿದ್ದು ಅದರ ತೇವವು ನೂರಕ್ಕೆ ೨೦ ಇದ್ದರೆ, ಒಳ್ಳೆಯ ಕೂಲರಿನಿಂದ ೨೭ ಅಂಶದ ಆಸುಪಾಸಿನ ಗಾಳಿ ಬರುವದು. ಅದೇ ಗಾಳಿ ೩೨ ಅಂಶವಿದ್ದು ತೇವವು ೭೫ ಆದರೆ, ಎಷ್ಟು ನೀರು ಸುರಿದರೂ ಮೂರು ಅಂಶಕ್ಕಿಂತ ಹೆಚ್ಚು ಇಳಿಯದು. ಮೈಗೆ ಅಂಟು ಮಾತ್ರ ಹೆಚ್ಚುವದು.

ಈ ವಿದ್ಯೆ ನಮಗೆ ಹೊಸದಲ್ಲ. ವಿಜಯಪುರದ ಪೂರ್ವಕ್ಕೆ, ಸಿಂದಗಿಯ ಕಡೆಗೆ, ಕುಮಟಗಿಯಲ್ಲಿ ಆದಿಲ್‌ಶಾಹಿ ಅರಸರ ಬೇಸಿಗೆಯ ಜಲಮಂಟಪಗಳನ್ನು ಇಂದಿಗೂ ನೋಡಬಹುದು. ನೀರನ್ನು ಎತ್ತರಕ್ಕೇರಿಸಿ, ಗೋಡೆಯೊಳಗಿನ ಕೊಳವೆಗಳಿಂದ ಹರಿಸಿ, ಕಾರಂಜಿಗಳಲ್ಲಿ ಚಿಮ್ಮಿಸಿ, ಮೇಲಿನಿಂದ ಮಳೆಯಂತೆ ಸುರಿಸುವ ಏರ್ಪಾಡು ಅಲ್ಲಿತ್ತು. ಉತ್ತರ ಹಿಂದುಸ್ಥಾನದಲ್ಲಿ ಲಾವಂಚದ ಬೇರಿನ ತಟ್ಟಿಗಳನ್ನು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ತ್ವದಿಂದ.

ಇನ್ನು ಕಡಲಿನ ಕಡೆಗೆ ನೋಡೋಣ. ಅಲ್ಲಿಯ ಹೋಲಿಕೆಯಿಂದ ನಮ್ಮ ಭಾಗ್ಯವು ನಮಗೆ ಚೆನ್ನಾಗಿ ತಿಳಿಯುವದು. ಉಷ್ಣವಲಯದ ಸಮುದ್ರದಲ್ಲಿ ದೋಣಿಯ ಮೇಲೆ ಬಾಳುವವನ ಸುತ್ತಲೂ ನೀರೇ. ಆದರೆ ಆ ನೀರು ಗಾಳಿಯನ್ನು ಮೊದಲೇ ತೊಯ್ಸಿಟ್ಟಿರುವದರಿಂದ ಅವನಿಗೆ ಕೂಲರ್ ಕೆಲಸಕ್ಕೆ ಬಾರದು. ಅವನು ಎಸಿಯನ್ನೇ ಆಶ್ರಯಿಸಬೇಕು. ಮಲಗುವ ಹಲಗೆಯ ಕೆಳಗೆ ಅಡಗುವಷ್ಟು ಚಿಕ್ಕ ಯಂತ್ರವನ್ನಿಟ್ಟು, ದೋಣಿಯ ತಳದ ತೂತಿನಿಂದ ಸಮುದ್ರದ ನೀರನ್ನು ಪಂಪಿನಿಂದ ಎಳೆದು, ಕೋಣೆಯ ಶಾಖವನ್ನು ಆ ನೀರಿಗೆ ಕೊಟ್ಟು ಹೊರಗೆ ಚೆಲ್ಲುವನು. ಉಪ್ಪು ತಿನ್ನಬಾರದೆಂದು ಅದರ ಕೊಳವೆಗಳನ್ನು ತಾಮ್ರ ನಿಕ್ಕಲುಗಳ ಮಿಶ್ರಲೋಹದಿಂದ ಮಾಡುವರು. ಆದರೂ ಪಾಚಿ ಜಾಳಿಗೆಯನ್ನು ಕಟ್ಟುವದು, ಚಿಪ್ಪಿನ ಹುಳಗಳು ಕೊಳವೆಯಲ್ಲಿ ಮನೆಮಾಡುವವು. ಅಂಥವನೂ ಯಂತ್ರ ಕೊಳ್ಳುವ ಮೊದಲು ದೋಣಿಯ ಮೇಲೆ ಬಟ್ಟೆಯ ಮೇಲ್ಕಟ್ಟನ್ನು ಕಟ್ಟಿ ನೆರಳು ಮಾಡಿಕೊಳ್ಳುವನು. ಯಾಕಂದರೆ ನೆರಳಿದ್ದರೆ ಚಿಕ್ಕ ಯಂತ್ರ ಸಾಕಾಗುವದು.

ನಮ್ಮಲ್ಲಿ ಈ ನೆರಳಿನ ಮಾತನ್ನು ಯಾರೂ ಎತ್ತುವದಿಲ್ಲವೆಂಬದೇ ನಮ್ಮ ದೂರು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಯೊಳಕ್ಕೆ ಹಗಲಿನ ಬಿಸಿಲು ಇಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಈಗಿನ ಸಿಮೆಂಟಿನ ಸ್ಲ್ಯಾಬು ದಿನವೆಲ್ಲ ಕಾಯ್ದು ರಾತ್ರಿಯೆಲ್ಲ ಹಾಸಿಗೆಯ ಮೇಲೆ ಶಾಖವನ್ನು ಸುರಿಯುವದು. ಅದಕ್ಕೆ ಬಿಳಿ ಸುಣ್ಣ ಬಳಿದು, ಸಾಧ್ಯವಾದರೆ ಮೇಲೊಂದು ಚಪ್ಪರ ಹಾಕಿದ ಬಳಿಕವೇ ಅಂಗಡಿಗೆ ಹೋಗುವದು ಲೇಸು.

ಅಂಗಡಿಯವನು ‘ಒಂದೂವರೆ ಟನ್’ ಎನ್ನುವದು ಯಂತ್ರದ ತೂಕವಲ್ಲ. ಸುಮಾರು ೯೦೭ ಕಿಲೋ ಮಂಜುಗಡ್ಡೆ ಒಂದು ಅಹೋರಾತ್ರಿಯಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್. ಇಂದಿನ ಎಸಿಯ ಮೂಲಪುರುಷನಾದ ಅಮೇರಿಕೆಯ ವಿಲಿಸ್ ಕ್ಯಾರಿಯರನು ೧೯೦೨ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಈ ಏರ್ಪಾಡನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಲ್ಲ, ಕಾಗದದ ತೇವವನ್ನು ಹತೋಟಿಯಲ್ಲಿಡಲಿಕ್ಕೆ. ಗಾಳಿಯ ತೇವವನ್ನು ಹಿಂಡಿ ತೆಗೆಯುವದೇ ಎಸಿಯ ದೊಡ್ಡ ಗುಣ. ನಮ್ಮ ಏಪ್ರಿಲ್ ತಿಂಗಳ ಗಾಳಿಯಲ್ಲಿ ಹಿಂಡುವದಕ್ಕೆ ತೇವವೆಲ್ಲಿದೆ?

ಖರ್ಚಿನ ಲೆಕ್ಕವೂ ಕೂಲರಿನ ಪಕ್ಷದಲ್ಲಿಯೇ ಇದೆ. ಮನೆಯ ಕೂಲರಿಗೆ ೧೫೦ರಿಂದ ೨೦೦ ವ್ಯಾಟ್ ವಿದ್ಯುತ್ತು ಸಾಕು. ಒಂದೂವರೆ ಟನ್ನಿನ ಎಸಿ ಪೂರ್ಣ ಭಾರದಲ್ಲಿ ೧,೫೦೦ ವ್ಯಾಟಿನಷ್ಟು ಬೇಡುವದು. ಕರೆಂಟು ಹೋದಾಗ ಮನೆಯ ಇನ್ವರ್ಟರು ಕೂಲರನ್ನು ನಡೆಸಬಲ್ಲದು. ಆದರೆ ನೀರಿನ ಲೆಕ್ಕವನ್ನು ಮರೆಯಲಾಗದು. ತಾಸಿಗೆ ೫ ಲೀಟರ್ ಹಿಡಿದರೂ ಹತ್ತು ತಾಸಿಗೆ ನಾಲ್ಕು ಕೊಡ ನೀರು. ಅದನ್ನು ಹೊರುವವರು ಯಾರೆಂಬದನ್ನು ಮನೆಯ ಯಜಮಾನನು ಕೊಳ್ಳುವ ಮೊದಲೇ ಹೆಣ್ಣುಮಕ್ಕಳನ್ನು ಕೇಳಿಕೊಳ್ಳಲಿ. ಬೋರಿನ ಸವಳು ನೀರಾದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಗಟ್ಟಿಯಾಗಿ ಗಾಳಿ ನಿಲ್ಲುವದು. ಆದ್ದರಿಂದ ತೊಟ್ಟಿಯನ್ನು ಆಗಾಗ ಬರಿದು ಮಾಡಬೇಕು. ವಾರಕ್ಕೊಮ್ಮೆಯಂತೂ ಒರಸಿ ಒಣಗಿಸಲೇಬೇಕು, ಡೆಂಗಿಯ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುವದು. ತಗಡಿನ ಕೂಲರಿಗೆ ಅರ್ಥಿಂಗ್ ಇಲ್ಲದಿದ್ದರೆ ಅದು ಮಕ್ಕಳಿರುವ ಮನೆಯಲ್ಲಿ ಯಮನೇ. ಪ್ಲಗ್ಗನ್ನು ಕಿತ್ತ ಹೊರತು ಯಾರೂ ನೀರು ಹಾಕಬಾರದು.

ಕೂಲರನ್ನು ಕಿಟಕಿಯ ಹೊರಗಿಟ್ಟು ಎದುರಿನ ಕಿಟಕಿಯನ್ನೂ ಮಾಳಿಗೆಯ ಬೆಳಕಿಂಡಿಯನ್ನೂ ತೆರೆದಿಡಬೇಕು. ಎಲ್ಲವನ್ನೂ ಮುಚ್ಚಿಕೊಂಡು ‘ಕೂಲರ್ ಕೆಟ್ಟಿದೆ’ ಎನ್ನುವವರು ಬಹಳ. ಎಸಿಗಾದರೋ ಬೆಳಕಿಂಡಿಯ ಸಂದು ಕೂಡ ಶತ್ರು. ಒಂದೇ ಕೋಣೆಯಲ್ಲಿ ಎರಡನ್ನೂ ಒಟ್ಟಿಗೆ ನಡೆಸಿದರೆ ಒಂದು ತೊಯ್ಸಿದ್ದನ್ನು ಇನ್ನೊಂದು ಹಿಂಡುತ್ತ ಬಿಲ್ಲನ್ನು ಏರಿಸುವದು.

ಹಾಗಾದರೆ ಎಸಿ ಯಾರಿಗೆ ಬೇಕು? ರೋಹಿಣಿ ಮಳೆಯ ಸುಳಿವು ಕಂಡು ಮೃಗಶಿರೆ ಕೂಡುವ ಹೊತ್ತಿಗೆ ಗಾಳಿ ತೇವವಾಗುವದು, ಧಗೆ ಹೋಗಿರುವದಿಲ್ಲ. ಆಗ ಕೂಲರ್ ಸೋಲುವದು. ಮನೆಯಲ್ಲಿ ಎಳೆಗೂಸೋ, ಹೃದಯರೋಗದ ಮುದುಕರೋ ಇದ್ದರೆ ಒಂದೇ ಒಂದು ಚಿಕ್ಕ ಕೋಣೆಗೆ, ಸಂದುಗಳನ್ನೆಲ್ಲ ಮುಚ್ಚಿ, ಒಂದು ಟನ್ನಿನ ಎಸಿ ಕೂಡಿಸುವದು ಯೋಗ್ಯ. ಅದನ್ನು ೧೮ಕ್ಕೆ ಇಳಿಸುವ ಕಾರಣವಿಲ್ಲ. ೨೦೨೦ರ ಜನವರಿಯಿಂದ ಸರಕಾರವೇ ೨೪ ಅಂಶವನ್ನು ಮೊದಲಿನ ಗುರುತಾಗಿ ಗೊತ್ತುಮಾಡಿದೆ. ಮೇಲೆ ಪಂಖೆ ತಿರುಗುತ್ತಿದ್ದರೆ ೨೬ರಲ್ಲಿಯೂ ಮುದುಕರಿಗೆ ಸುಖವಾಗಿ ನಿದ್ದೆ ಹತ್ತುವದು.