ವಿಳಾಸ ಇಲ್ಲದವರಿಗೂ ವೈದ್ಯರು ಬೇಕು

ಮನೆಯಲ್ಲಿ ಉರ್ದು ಅಥವಾ ದಖ್ಖನಿ ಮಾತಾಡುವವರಿಗೆ ಪಾನಿ, ನಾಕ್, ಕಾನ್ ಎಂಬ ಪದಗಳು ತಾಯಿಯ ಮಡಿಲಿನಲ್ಲೇ ಬಂದವು. ಇಂಗ್ಲೆಂಡಿನ ಯಾವುದೋ ಊರಿನ ಅಂಚಿನಲ್ಲಿ ಕ್ಯಾರವಾನ್ ನಿಲ್ಲಿಸಿಕೊಂಡು ಬದುಕುವ ಜಿಪ್ಸಿ ಕುಟುಂಬದ ಅಜ್ಜಿಗೂ ನೀರು, ಮೂಗು, ಕಿವಿಗೆ ಇರುವ ಹಳೆಯ ಪದಗಳು ಬಹುತೇಕ ಇವೇ. ಅವರ ರೋಮಾನಿ ಭಾಷೆಯಲ್ಲಿ ಎಣಿಕೆ ಶುರುವಾಗುವುದು ಯೆಕ್, ದುಯಿ, ತ್ರಿನ್ ಎಂದು. ಕಾರಣ ಸರಳ. ಅವರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು. ಬ್ರಿಟನ್ ತಲುಪಿದ್ದು 1500ರ ಆಸುಪಾಸಿನಲ್ಲಿ. ಈಜಿಪ್ಟಿನಿಂದ ಬಂದವರೆಂದು ಅಲ್ಲಿಯ ಜನ ತಪ್ಪಾಗಿ ತಿಳಿದದ್ದರಿಂದ 'ಜಿಪ್ಸಿ' ಎಂಬ ಹೆಸರು ಅಂಟಿಕೊಂಡಿತು. ಇದೇ ಮೂಲದ ರೋಮಾ ಜನರಲ್ಲಿ ಬಾಲ್ಕನ್ ದೇಶಗಳಲ್ಲಿ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ.

ಐರಿಷ್ ಟ್ರಾವೆಲರ್‌ಗಳು ಬೇರೆಯವರು. ಅವರು ಐರ್ಲೆಂಡಿನದೇ ಅಲೆಮಾರಿ ಜನಾಂಗ. ಐರ್ಲೆಂಡ್ ಸರಕಾರ ಅವರನ್ನು ಪ್ರತ್ಯೇಕ ಜನಾಂಗವೆಂದು ಒಪ್ಪಿದ್ದು 2017ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 71 ಸಾವಿರ ಮಂದಿ ತಾವು ಜಿಪ್ಸಿ ಅಥವಾ ಐರಿಷ್ ಟ್ರಾವೆಲರ್ ಎಂದು ಬರೆಸಿದ್ದಾರೆ.

ಹದಿನೈದು ವರ್ಷಗಳ ಅಂತರ

ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ ಎಂಬ ಸಾರ್ವಜನಿಕ ಆರೋಗ್ಯ ವ್ಯವಸ್ಥೆ 1948ರಿಂದ ಇದೆ. ಬಡವ, ಶ್ರೀಮಂತ ಎನ್ನದೆ ಎಲ್ಲರಿಗೂ ವೈದ್ಯರು ಉಚಿತ. ಹಾಗಿದ್ದೂ 2011ರ ಜನಗಣತಿಯಲ್ಲಿ ತಮ್ಮ ಆರೋಗ್ಯ ಕೆಟ್ಟಿದೆ ಅಥವಾ ತೀರಾ ಕೆಟ್ಟಿದೆ ಎಂದ ಜಿಪ್ಸಿ ಮತ್ತು ಟ್ರಾವೆಲರ್‌ಗಳು ಶೇ. 14. ಇದು ಬಹುಸಂಖ್ಯಾತ ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು. ಐರ್ಲೆಂಡಿನಲ್ಲಿ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂಕಿಗಳು ಇನ್ನೂ ಕಠೋರ. ಟ್ರಾವೆಲರ್ ಗಂಡಸರ ಸರಾಸರಿ ಆಯುಸ್ಸು ಇತರರಿಗಿಂತ 15 ವರ್ಷ ಕಡಿಮೆ, ಹೆಂಗಸರದ್ದು 11 ವರ್ಷಕ್ಕೂ ಹೆಚ್ಚು ಕಡಿಮೆ. ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಶಿಶುಗಳ ಪ್ರಮಾಣ ಮೂರೂವರೆ ಪಟ್ಟು. ಗಂಡಸರ ಆತ್ಮಹತ್ಯೆ ಆರು ಪಟ್ಟಿಗೂ ಮೇಲೆ. ಒಂದೇ ದೇಶ, ಅದೇ ಆಸ್ಪತ್ರೆಗಳು. ಆದರೂ ಒಂದು ಸಮುದಾಯದ ತಂದೆ ಮೊಮ್ಮಕ್ಕಳನ್ನು ನೋಡುವ ಹೊತ್ತಿಗೆ ಇನ್ನೊಂದು ಸಮುದಾಯದ ತಂದೆ ಮಣ್ಣು ಸೇರಿರುತ್ತಾನೆ.

ಉಚಿತ ಚಿಕಿತ್ಸೆ ಇದ್ದೂ ಹೀಗೇಕೆ?

ಬಾಗಿಲು ಮುಚ್ಚುವುದು ಎಲ್ಲಿ?

ಬ್ರಿಟನ್ನಿನಲ್ಲಿ ಕಾಯಿಲೆ ಬಂದರೆ ಅಪಘಾತ, ತುರ್ತು ಸಂದರ್ಭ ಬಿಟ್ಟು ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗುವಂತಿಲ್ಲ. ಮೊದಲು 'ಜಿಪಿ' ಎಂಬ ಪ್ರದೇಶದ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಬೇಕು. ತಜ್ಞರ ಬಳಿ ಕಳಿಸುವವರು, ಮಕ್ಕಳ ಲಸಿಕೆಗೆ ನೆನಪಿಸುವವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವವರು ಅವರೇ. ಈ ನೋಂದಣಿ ಇಡೀ ವ್ಯವಸ್ಥೆಯ ಹೆಬ್ಬಾಗಿಲು.

ಅಲ್ಲಿನ ಸ್ವಾಗತ ಮೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ "ವಿಳಾಸ ಎಲ್ಲಿ?" ಎಂಬುದು. ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಯ ಬಳಿ ಮನೆಯ ಕರೆಂಟ್ ಬಿಲ್ ಇರುವುದಿಲ್ಲ, ಬಾಡಿಗೆ ಕರಾರೂ ಇರುವುದಿಲ್ಲ. ಇಂಗ್ಲೆಂಡಿನ ಎನ್‌ಎಚ್‌ಎಸ್ ನಿಯಮ ಮಾತ್ರ ಸ್ಪಷ್ಟ. ನೋಂದಣಿಗೆ ವಿಳಾಸದ ಪುರಾವೆಯಾಗಲಿ ಗುರುತಿನ ಚೀಟಿಯಾಗಲಿ ಕಡ್ಡಾಯವಲ್ಲ. ನಿಂತ ನೆಲೆ ಇಲ್ಲದವರಿಗೆ ಕ್ಲಿನಿಕ್ಕಿನ ವಿಳಾಸವನ್ನೇ ಬರೆದುಕೊಳ್ಳಬಹುದು. ಆದರೆ ಕಾಗದದ ಮೇಲಿನ ನಿಯಮ ಮೇಜಿನವರೆಗೆ ತಲುಪುವುದಿಲ್ಲ. 'ಫ್ರೆಂಡ್ಸ್, ಫ್ಯಾಮಿಲೀಸ್ ಅಂಡ್ ಟ್ರಾವೆಲರ್ಸ್' ಎಂಬ ಸಂಸ್ಥೆ ಕೋವಿಡ್ ಕಾಲದಲ್ಲಿ ಅಲೆಮಾರಿ ರೋಗಿಗಳ ಹೆಸರಿನಲ್ಲಿ 100 ಕ್ಲಿನಿಕ್‌ಗಳನ್ನು ವಿಚಾರಿಸಿ ನೋಡಿತು. ಅವುಗಳಲ್ಲಿ 74 ನಿಯಮ ಮೀರಿ ನೋಂದಣಿ ನಿರಾಕರಿಸಿದವು.

ಎರಡನೆಯ ತೊಡಕು ಬಿಡಾರದ್ದು. ಸ್ಥಳೀಯ ಆಡಳಿತಗಳು ಇವರಿಗೆ ಕ್ಯಾರವಾನ್ ನಿಲ್ಲಿಸಲು ಜಾಗ ಒದಗಿಸಬೇಕೆಂದು 1968ರ ಕಾನೂನು ಹೇಳಿತ್ತು. 1994ರಲ್ಲಿ ಆ ಹೊಣೆಯನ್ನು ತೆಗೆದುಹಾಕಲಾಯಿತು. 2022ರ ಕಾನೂನು ಇನ್ನೂ ಮುಂದೆ ಹೋಗಿ, ಅನುಮತಿ ಇಲ್ಲದೆ ಬಿಡಾರ ಹೂಡಿದವರ ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಆ ವಾಹನವೇ ಅವರ ಮನೆ. ಈ ಕಾನೂನಿನ ಕೆಲವು ಅಂಶಗಳು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲ ಎಂದು 2024ರಲ್ಲಿ ಅಲ್ಲಿಯ ಹೈಕೋರ್ಟ್ ಹೇಳಿತು. ಒಂದೂರಿನಿಂದ ಎಬ್ಬಿಸಿದರೆ ಗರ್ಭಿಣಿಯ ತಪಾಸಣೆ ಅರ್ಧಕ್ಕೇ ನಿಲ್ಲುತ್ತದೆ, ಮಗುವಿನ ಎರಡನೇ ಡೋಸ್ ಲಸಿಕೆ ತಪ್ಪುತ್ತದೆ. ಟ್ರಾವೆಲರ್ ಬಿಡಾರಗಳಲ್ಲಿ ಮತ್ತೆ ಮತ್ತೆ ದಡಾರ ಕಾಣಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಒಂದೆಡೆ ನೆಲೆಸಿದರೆ ಸರಿಹೋಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. 2011ರಲ್ಲೇ ಇವರಲ್ಲಿ ಕ್ಯಾರವಾನ್ ವಾಸಿಗಳು ಸುಮಾರು ಕಾಲು ಭಾಗ ಮಾತ್ರ ಇದ್ದರು, ಉಳಿದವರು ಮನೆಗಳಲ್ಲೇ ಇದ್ದರು. ಶೆಫೀಲ್ಡ್ ವಿಶ್ವವಿದ್ಯಾಲಯ 2004ರಲ್ಲಿ ನಡೆಸಿದ ಅಧ್ಯಯನದಲ್ಲಿ ಅಪರೂಪಕ್ಕೆ ಮಾತ್ರ ಸಂಚರಿಸುವವರ ಆರೋಗ್ಯವೇ ಹೆಚ್ಚು ಹದಗೆಟ್ಟಿರುವುದು ಕಂಡುಬಂತು. ಬಂಧುಬಳಗದಿಂದ ಬೇರ್ಪಟ್ಟು ನಾಲ್ಕು ಗೋಡೆಗಳ ನಡುವೆ ಬದುಕುವುದೂ ಮನಸ್ಸನ್ನು ಕುಗ್ಗಿಸುತ್ತದೆ.

ಮೂರನೆಯದು ಓದು. 2021ರಲ್ಲಿ ಇವರಲ್ಲಿ ಅರ್ಧಕ್ಕೂ ಹೆಚ್ಚು ವಯಸ್ಕರಿಗೆ ಯಾವುದೇ ಶೈಕ್ಷಣಿಕ ಅರ್ಹತೆ ಇರಲಿಲ್ಲ. ಆಸ್ಪತ್ರೆ ಕರೆಯುವುದೋ ಪತ್ರದ ಮೂಲಕ. ಓದಲಾಗದೆ ಪತ್ರ ಮೂಲೆ ಸೇರುತ್ತದೆ, ದಿನಾಂಕ ಕಳೆಯುತ್ತದೆ, "ಬರಲಿಲ್ಲ" ಎಂದು ಹೆಸರು ಹೊಡೆದುಹಾಕುತ್ತಾರೆ.

ನಾಲ್ಕನೆಯದು ಮರ್ಯಾದೆಯ ಪ್ರಶ್ನೆ. ಹೆಂಗಸರು ತಮ್ಮ ದೇಹದ ತೊಂದರೆಯನ್ನು ಗಂಡಸರ ಮುಂದೆ ಹೇಳಲು ಸಂಕೋಚಪಡುತ್ತಾರೆ. ನಮ್ಮ ಮನೆಗಳಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ. ರೋಮಾನಿ ಕುಟುಂಬಗಳಲ್ಲಿ ಶುಚಿಯ ಕಟ್ಟುಪಾಡು ಬಿಗಿ. ಪಾತ್ರೆ ತೊಳೆಯುವ ಬೋಗುಣಿಯೇ ಬೇರೆ, ಮೈ ತೊಳೆಯುವುದೇ ಬೇರೆ. ಅಂಥವರನ್ನು 'ಕೊಳಕರು' ಎಂಬ ಕಣ್ಣಿನಿಂದ ನೋಡಿದರೆ ಅವರು ಮತ್ತೊಮ್ಮೆ ಆ ಮೆಟ್ಟಿಲು ಹತ್ತುತ್ತಾರೆಯೇ?

ಕೆಲಸ ಮಾಡಿದ ದಾರಿಗಳು

ಡಬ್ಲಿನ್‌ನ 'ಪೇವೀ ಪಾಯಿಂಟ್' ಸಂಸ್ಥೆ 1994ರಲ್ಲಿ ಸಣ್ಣ ಪ್ರಯತ್ನವೊಂದನ್ನು ಆರಂಭಿಸಿತು. ಹೊರಗಿನವರನ್ನು ಕಳಿಸುವ ಬದಲು ಟ್ರಾವೆಲರ್ ಮಹಿಳೆಯರಿಗೇ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿತು. ನಮ್ಮ ಊರಿನ ಆಶಾ ಕಾರ್ಯಕರ್ತೆಯರನ್ನು ನೆನೆದರೆ ಈ ಕೆಲಸದ ಸ್ವರೂಪ ತಿಳಿಯುತ್ತದೆ. ತಮ್ಮವಳೇ ಆದ ಹೆಂಗಸು ಬಂದು ಕೂತು ಮಾತಾಡಿದಾಗ ಮುಚ್ಚಿಟ್ಟ ನೋವು ಹೊರಬರುತ್ತದೆ. ಈ ಮಾದರಿ ಮುಂದೆ ಐರ್ಲೆಂಡಿನ ಇತರ ಭಾಗಗಳಿಗೂ ಹರಡಿತು. 2010ರ ಅಧ್ಯಯನಕ್ಕಾಗಿ ಬಿಡಾರದಿಂದ ಬಿಡಾರಕ್ಕೆ ಹೋಗಿ ಮಾಹಿತಿ ಕಲೆಹಾಕಿದವರೂ ಟ್ರಾವೆಲರ್‌ಗಳೇ.

ಇತರ ಪರಿಹಾರಗಳೂ ದುಬಾರಿಯಲ್ಲ. ಪತ್ರದ ಬದಲು ಫೋನ್ ಕರೆ. ರೋಗಿಯ ಕೈಯಲ್ಲೇ ಇರುವ ಚಿಕಿತ್ಸಾ ದಾಖಲೆ ಪುಸ್ತಕ. ಬಿಡಾರಕ್ಕೇ ಬರುವ ದಾದಿಯರು. ಕೇಳಿದರೆ ಮಹಿಳಾ ವೈದ್ಯರು. ಎಲ್ಲಕ್ಕಿಂತ ಮುಖ್ಯವಾಗಿ ಸ್ವಾಗತ ಮೇಜಿನಲ್ಲಿ ಕೂರುವವರಿಗೆ ನಿಯಮದ ತಿಳಿವಳಿಕೆ. ಎಣಿಕೆಯೂ ಅಷ್ಟೇ ಅಗತ್ಯ. ಎನ್‌ಎಚ್‌ಎಸ್ ದಾಖಲೆಗಳು ಬಹುಕಾಲ 2001ರ ಜನಗಣತಿಯ ಜನಾಂಗಪಟ್ಟಿಯನ್ನೇ ಬಳಸುತ್ತಾ ಬಂದಿವೆ. ಅದರಲ್ಲಿ ಜಿಪ್ಸಿ, ಟ್ರಾವೆಲರ್ ಎಂಬ ಹೆಸರೇ ಇಲ್ಲ. ಲೆಕ್ಕಕ್ಕೆ ಸಿಗದವರ ಕಾಯಿಲೆ ಯೋಜನೆಗೂ ಸಿಗುವುದಿಲ್ಲ.

ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿಗೆ ಹೋಗಿರುವ ನಮ್ಮ ಮಕ್ಕಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಬಾಡಿಗೆ ಕರಾರು ಇನ್ನೂ ಕೈಗೆ ಬಂದಿಲ್ಲವೆಂದು ಜಿಪಿ ನೋಂದಣಿ ನಿರಾಕರಿಸುವಂತಿಲ್ಲ. ವೀಸಾದ ಸ್ಥಿತಿಯೂ ಅದಕ್ಕೆ ಅಡ್ಡಿಯಲ್ಲ. ಅಲ್ಲಿ ವೈದ್ಯರಾಗಿ, ದಾದಿಯರಾಗಿ, ಕ್ಲಿನಿಕ್ ಸಿಬ್ಬಂದಿಯಾಗಿ ದುಡಿಯುವ ಕನ್ನಡಿಗರೂ ಇದ್ದಾರೆ. ಮುಂದಿನ ಸಲ ವಿಳಾಸವಿಲ್ಲದ ತಾಯಿಯೊಬ್ಬಳು ಅವರ ಮೇಜಿನ ಮುಂದೆ ನಿಂತಾಗ "ವಿಳಾಸ ಎಲ್ಲಿ?" ಎಂದು ಕೇಳುವ ಮೊದಲು "ಮಗುವಿಗೆ ಏನಾಗಿದೆ?" ಎಂದು ಕೇಳಲಿ. ನಿಯಮವೂ ಅದನ್ನೇ ಹೇಳುತ್ತದೆ.