ಡೈವಿಂಗ್ ಮುಗಿಸಿ ಕೂಡಲೇ ವಿಮಾನ ಹತ್ತಬಾರದೇಕೆ?

ಪ್ರಶ್ನೆ: ಮಾಲ್ಡೀವ್ಸ್‌ನ ದೂರದ ದ್ವೀಪವೊಂದಕ್ಕೆ ಸ್ಕೂಬಾ ಡೈವಿಂಗ್‌ಗೆಂದು ಹೊರಟಿದ್ದೇವೆ. ವಾಪಸ್ ಬರುವ ಹಿಂದಿನ ದಿನ ಡೈವ್ ಮಾಡಬೇಡಿ ಅನ್ನುತ್ತಾರೆ. ಯಾಕೆ?

ಉತ್ತರ: ಕಾರಣ ಸಾರಜನಕ. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಆಮ್ಲಜನಕವಲ್ಲ, ನಾವು ಉಸಿರಾಡುವ ಗಾಳಿಯೇ, ಅದರಲ್ಲಿ ಶೇ. 78 ಸಾರಜನಕ. ಸಮುದ್ರದಲ್ಲಿ 10 ಮೀಟರ್ ಇಳಿದಂತೆಲ್ಲ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಮಾಲ್ಡೀವ್ಸ್‌ನಲ್ಲಿ ಪ್ರವಾಸಿಗರಿಗೆ ಮಿತಿಯಾದ 30 ಮೀಟರ್ ಆಳದಲ್ಲಿ ಅದು ದಡದಲ್ಲಿರುವುದರ ನಾಲ್ಕರಷ್ಟು. ಆ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಮೇಲೆ ಬಂದರೂ ಅದು ಉಸಿರಿನ ಮೂಲಕ ಪೂರ್ತಿ ಹೊರಹೋಗಲು ಗಂಟೆಗಟ್ಟಲೆ ಬೇಕು.

ಅಷ್ಟರೊಳಗೆ ವಿಮಾನ ಹತ್ತಿದಿರೋ, ಕ್ಯಾಬಿನ್ನಿನ ಒತ್ತಡ ನೆಲಮಟ್ಟಕ್ಕಿಂತ ಕಡಿಮೆ. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಗುಳ್ಳೆಗಳು ಬುಸ್ಸೆಂದು ಏಳುವುದಿಲ್ಲವೇ? ಹಾಗೆಯೇ ದೇಹದೊಳಗೂ ಗುಳ್ಳೆ ಏಳಬಹುದು. ಕೀಲುಗಳಲ್ಲಾದರೆ ವಿಪರೀತ ನೋವು. ಬೆನ್ನುಹುರಿಯಲ್ಲಾದರೆ ಕಾಲಿನ ಸ್ವಾಧೀನವೇ ತಪ್ಪಬಹುದು.

ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ಬಿಡುವು ಬೇಕು. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ರೆಸಾರ್ಟಿನಿಂದ ಮಾಲೆಗೆ ಸೀಪ್ಲೇನ್‌ನಲ್ಲಿ ಬರುವುದಾದರೆ (ಇದನ್ನು ಮರೆಯುವವರೇ ಹೆಚ್ಚು) ಬಿಡುವಿನ ಲೆಕ್ಕ ಆ ಹಾರಾಟಕ್ಕೇ ಹಿಡಿಯಿರಿ. ಕೊನೆಯ ದಿನ ಸ್ನಾರ್ಕೆಲಿಂಗ್ ಮಾಡಬಹುದು.